ಪಾಲಯ್ಯನ ಒಂದೇ ಜಿಂಕೆ

ನಾನು ಒಂದು ಬಿಲ್ಲು. ಕಲ್ಲುಗುಡ್ಡದ ಹಳ್ಳದ ದಂಡೆಯಲ್ಲಿ ಬಿದಿರಾಗಿ ಬೆಳೆದಿದ್ದ ನನ್ನನ್ನು ಕಾಟಯ್ಯನೆಂಬ ಬೇಟೆಗಾರ ಕಡಿದು ತಂದ. ಮೂರು ತಿಂಗಳು ಒಲೆಯ ಮೇಲೆ ಹೊಗೆ ಕುಡಿಸಿದ, ಹೆರೆದು ಎಣ್ಣೆ ಉಜ್ಜಿದ, ಕತ್ತಾಳೆ ನಾರು ಹೊಸೆದು ಹೆದೆ ಕಟ್ಟಿದ. ಅವನ ಕೈಯಲ್ಲಿ ಎಷ್ಟು ಪ್ರಾಣಿಗಳನ್ನು ಕೊಂದೆನೋ ನೆನಪಿಲ್ಲ. ಆಗ ನನಗೆ ಸೊಕ್ಕೂ ಇತ್ತು.

ಕಾಟಯ್ಯ ಸತ್ತಾಗ ಅವನ ಮೊದಲ ಬಿಲ್ಲು ಅವನ ಜೊತೆ ಮಣ್ಣು ಸೇರಿತು, ನಾನು ಮಗ ಪಾಲಯ್ಯನ ಪಾಲಾದೆ. ಸೊಕ್ಕು ಇಳಿಯಿತು. ಒಳ್ಳೆಯವನೇ, ಆದರೆ ಬಾಣ ಬಿಡುವ ಗಳಿಗೆಯಲ್ಲಿ ಕೈ ನಡುಗುತ್ತಿತ್ತು. ಮೀಸೆ ಬಲಿತರೂ ಒಂದು ಮೊಲವನ್ನೂ ಹೊಡೆದವನಲ್ಲ. ಹಟ್ಟಿಯವರಿಗೆ ಅವನು 'ಬರಿಗೈ ಪಾಲಯ್ಯ'. ನಿಜ ಹೇಳುತ್ತೇನೆ, ನನಗೂ ಅವನೆಂದರೆ ತಾತ್ಸಾರವೇ.

ಅವನ ಹೆಂಡತಿ ಓಬಕ್ಕನಿಗೆ ಹುಟ್ಟಿದ್ದ ಎರಡು ಕೂಸುಗಳು ಎದೆಹಾಲು ಸಾಲದೆ ಮಣ್ಣು ಸೇರಿದ್ದವು. ಮೂರನೆಯದು ಹೆಣ್ಣು. ಹನ್ನೊಂದು ದಿನದ ಆ ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಮನೆಯಲ್ಲಿ ಕಾಳಿರಲಿಲ್ಲ. ಬಾಣಂತಿಯ ಹೊಟ್ಟೆಗೆ ಎರಡು ದಿನ ಮಾಂಸದ ಸಾರು ಬಿದ್ದರೆ ಹಾಲು ಇಳಿಯುತ್ತದೆ ಎಂದಳು ಸೂಲಗಿತ್ತಿ. ಪಾಲಯ್ಯ ನನ್ನನ್ನೆತ್ತಿಕೊಂಡು, ಓಬಕ್ಕನ ತಮ್ಮ ಬೋಸಯ್ಯನ ಜೊತೆ ಕಾಡಿಗೆ ಹೊರಟ. ಬೋಸಯ್ಯ ಹಟ್ಟಿಯಲ್ಲೇ ಒಳ್ಳೆಯ ಬೇಟೆಗಾರ.

ಮಧ್ಯಾಹ್ನ ಹಳ್ಳದ ಗುಂಡಿಗೆ ಒಂಟಿ ಜಿಂಕೆ ನೀರಿಗೆ ಬಂತು. ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಪಾಲಯ್ಯ ಹೆದೆಯನ್ನು ಕಿವಿಯವರೆಗೆ ಎಳೆದ. ಅಂದು ಕೈ ನಡುಗಲಿಲ್ಲ. ಬಾಣ ಮುಂಗಾಲಿನ ಹಿಂದೆ, ಪಕ್ಕೆಗೆ ನಾಟಿತು. ರಕ್ತದ ಜಾಡು ಹಿಡಿದು ಹೋದಾಗ ಜಿಂಕೆ ಕಾರೆ ಪೊದೆಯಡಿ ಬಿದ್ದು ಕಾಲು ಬಡಿಯುತ್ತಿತ್ತು. ಅವನು ಮಂಡಿಯೂರಿ ಕುತ್ತಿಗೆಗೆ ಕತ್ತಿ ಹಾಕಿದ. ಉಸಿರು ನಿಲ್ಲುವವರೆಗೂ ಅದರ ಕಣ್ಣನ್ನೇ ನೋಡಿದ. ಆಮೇಲೆ ಅತ್ತ.

"ಹೊಡೆದೆ ಕಣೋ ಬೋಸ! ನಾನೇ ಹೊಡೆದೆ!"

ಬೋಸಯ್ಯ ನಗಲಿಲ್ಲ. "ಭಾವ, ಮೊದಲ ಬೇಟೆ ಹೊಡೆದೋನ ಮನೇಲಿ ಬೇಯಂಗಿಲ್ಲ. ಹಟ್ಟಿಗೆಲ್ಲ ಹಂಚಬೇಕು, ನಿಮ್ಮನೇಗೆ ಒಂದು ಚೂರೂ ಬರಲ್ಲ. ಮರ್ತ್ಯಾ?"

ಏನನ್ನೂ ಹೊಡೆಯದವನಿಗೆ ಆ ಕಟ್ಟಳೆ ನೆನಪಿಡುವ ಅಗತ್ಯವೇ ಬಿದ್ದಿರಲಿಲ್ಲ. ಅದನ್ನು ಮೀರಿದ ಮನೆಗೆ ಹಟ್ಟಿಯವರು ಬೆಂಕಿ ನೀರು ಕೊಡುವುದಿಲ್ಲ, ಆ ಮನೆಯ ಹೆಣ್ಣನ್ನು ಯಾರೂ ಸೊಸೆಯಾಗಿ ತರುವುದಿಲ್ಲ.

ಪಾಲಯ್ಯ ತನ್ನ ಬಾಣ ಕಿತ್ತು, ಮುರಿದು, ಮರಳಿನಲ್ಲಿ ಹುಗಿದ. ಬೋಸಯ್ಯನ ಬತ್ತಳಿಕೆಯಿಂದ ಅವನ ಗುರುತಿನ ಕೆಂಪು ದಾರ ಸುತ್ತಿದ ಬಾಣ ತೆಗೆದು ಅದೇ ಗಾಯಕ್ಕೆ ಒತ್ತಿ ಚುಚ್ಚಿದ.

"ನೀನೇ ಹೊಡೆದದ್ದು ಅನ್ನು. ಅಕ್ಕನ ಮನೇಗೆ ಅಂತ ಪಾಲು ಕೇಳು."

"ಜೀವಮಾನದಾಗೆ ಇನ್ನೊಂದು ಸಿಗದಿದ್ರೆ ಭಾವ?"

"ಸಿಗದಿದ್ರೆ ಬ್ಯಾಡ."

ಸಂಜೆ ಹಟ್ಟಿಯವರು ಬೋಸಯ್ಯನನ್ನು ಹೊತ್ತು ಕುಣಿದರು. ಮುದುಕನೊಬ್ಬ ಪಾಲಯ್ಯನ ಬೆನ್ನು ತಟ್ಟಿ, "ನೋಡಿ ಕಲಿಯಲೇ ಬರಿಗೈ" ಎಂದ. ಎಲ್ಲರೂ ನಕ್ಕರು. ಪಾಲಯ್ಯನೂ ನಕ್ಕ. ಅವತ್ತು ನಾನು ಅವನ ಮುಂದೆ ತೀರಾ ಸಣ್ಣವನಾದೆ. ಒಲೆಯ ಮುಂದೆ ಗಂಡ ನಿಜ ಹೇಳಿದಾಗ ಓಬಕ್ಕ ಪಾಲಿಗೆ ಬಂದ ಮಾಂಸದ ಸಾರಿನ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಎತ್ತಿ ಕುಡಿದಳು. ಮೂರನೆಯ ದಿನ ಕೂಸು ಜೋರಾಗಿ ಅತ್ತಿತು.

ಇನ್ನೊಂದು ಬೇಟೆ ಸಿಗಲೇ ಇಲ್ಲ. ಬೋಸಯ್ಯ ನಾಲ್ಕು ವರ್ಷಕ್ಕೆ ಹಾವು ಕಚ್ಚಿ ಸತ್ತ. ಆ ಕೂಸು ಬೆಳೆದು ದೊಡ್ಡವಳಾಗಿ, ಅವಳ ಮದುವೆ ಗೊತ್ತಾದ ವಾರವೇ ಪಾಲಯ್ಯ ಜ್ವರದಲ್ಲಿ ತೀರಿಕೊಂಡ.

ನಮ್ಮ ಹಟ್ಟಿಯಲ್ಲಿ ಬೇಟೆಗಾರ ಸತ್ತರೆ ಅವನ ಬಿಲ್ಲು ಮುರಿದು ಎದೆಯ ಮೇಲಿಟ್ಟು ಹೂಳುತ್ತಾರೆ. ಬೇಟೆಯಾಡದವನಿಗೆ ಆ ಮರ್ಯಾದೆ ಇಲ್ಲ. ಹೆಣ ಎತ್ತುವ ಮುಂಚೆ ಹಟ್ಟಿಯ ಯಜಮಾನ ಓಬಕ್ಕನನ್ನು ಕೇಳಿದ: "ಏನವ್ವಾ, ಪಾಲಯ್ಯ ಯಾವತ್ತಾದ್ರೂ ಏನಾದ್ರೂ ಹೊಡೆದಿದ್ದನೇನು?"

ಓಬಕ್ಕ ಗೋಡೆಯಲ್ಲಿದ್ದ ನನ್ನನ್ನು ನೋಡಿದಳು. ಮಗಳನ್ನು ನೋಡಿದಳು, ಅವಳ ಪಕ್ಕ ನಿಂತಿದ್ದ ಬೀಗರನ್ನು ನೋಡಿದಳು.

"ಇಲ್ಲ ಕಣಪ್ಪ," ಎಂದಳು.

ಈಗ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ಹೆದೆಯನ್ನು ಇಲಿ ತಿಂದಿದೆ. ಓಬಕ್ಕನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಮುರಿದು ಅವನ ಎದೆಯ ಮೇಲೆ ಮಲಗಬೇಕಿದ್ದ ನಾನು ಇಲ್ಲಿ ಇಡಿಯಾಗಿ ಉಳಿದಿದ್ದೇನೆ. ಆ ಸಂಕಟ ಹೋಗುವುದಿಲ್ಲ.