ಮುಚ್ಚಳ ತೆಗೆಯದ ಹಾಲು

“ದೂರ ನಿಂತ್ಕಮ್ಮೀ, ದೂರ! ನಿನ್ನ ಉಸ್ರು ಬಡುದ್ಬುಟ್ರ ಡಿಗ್ರಿ ಕಡ್ಡಿ ಕೆಟ್ಟೋಯ್ತದ. ಆಲ್ಗ ನೀರು ಬೆರ್ಸಿದ್ದೀಯ, ಎತ್ಕಂಡು ನಡಿ.”

ಹಾಲಿನ ಸೊಸೈಟಿಯ ಕಾರ್ಯದರ್ಶಿ ಶಾಂತರಾಜು ಇಷ್ಟನ್ನೂ ಕುರ್ಚಿಯಿಂದ ಏಳದೆಯೇ ಹೇಳಿದ. ಪುಟ್ಟಮಾದಮ್ಮ ತನ್ನ ಕ್ಯಾನನ್ನೊಮ್ಮೆ ನೋಡಿಕೊಂಡಳು. ಮುಚ್ಚಳ ಹಾಕಿದ್ದು ಹಾಕಿದಂತೆಯೇ ಇತ್ತು.

“ಮುಚ್ಳಾನೇ ತಗ್ದಿಲ್ವಲ್ಲ ಬುದ್ದಿ?”

“ತಗೀಬೇಕಾ? ಅನ್ನೆರಡು ವರ್ಸದ ಸರ್ವೀಸು ಕಣಮ್ಮಿ ನಂದು. ಕ್ಯಾನ್ ಬರಾದ್ ನೋಡುದ್ರೇ ಸಾಕು, ಎಷ್ಟು ನೀರು ಅಂತ ಏಳ್ಬುಡ್ತಿನಿ.”

ಈ ವಿದ್ಯೆ ಕೆಳಗಿನ ಕೇರಿಯ ಕ್ಯಾನುಗಳ ಮೇಲೆ ಮಾತ್ರ ನಡೆಯುತ್ತಿತ್ತು. ಮೇಲಿನ ಬೀದಿಯವರ ಹಾಲಾದರೆ ಪಾಪ, ಗಾಜಿನ ಕಡ್ಡಿ ಅದ್ದಿ, ಕಣ್ಣು ಕಿರಿದು ಮಾಡಿ ಡಿಗ್ರಿ ಓದಬೇಕಾಗುತ್ತಿತ್ತು. ಸರ್ಕಾರದ ಸ್ಕೀಮಿನಲ್ಲಿ ಪುಟ್ಟಮಾದಮ್ಮನ ಮನೆಗೂ ಕೇರಿಯ ಇನ್ನು ನಾಲ್ಕೈದು ಮನೆಗಳಿಗೂ ಸೀಮೆಹಸು ಬಂದು ಎರಡು ತಿಂಗಳಾಗಿತ್ತು. ಉಳಿದವರು ಬೇಸತ್ತು ಸೊಸೈಟಿಗೆ ಹೋಗುವುದನ್ನೇ ಬಿಟ್ಟಿದ್ದರು. ಪುಟ್ಟಮಾದಮ್ಮ ದಿನಾ ಹೋಗುವುದು, ಶಾಂತರಾಜು ಕೂತಲ್ಲಿಂದಲೇ ನೀರು ಕಾಣುವುದು, ವಾಪಸು ಬಂದ ಹಾಲು ಕುಡಿದು ಕರುವಿಗೆ ಅಜೀರ್ಣವಾಗುವುದು ತಪ್ಪಿರಲಿಲ್ಲ. ಸೊಸೈಟಿಯ ದೊಡ್ಡ ಕ್ಯಾನಿಗೆ ತನ್ನ ಹಾಲು ಬೀಳದಿದ್ದರೆ ಹಸುವಿಗೆ ಹಿಂಡಿ ಬೂಸಾ ಹಾಕುವ ದಾರಿಯಿಲ್ಲ, ಬರುವ ವಾರ ಅದನ್ನು ಸಂತೆಗೆ ಹೊಡೆಯಬೇಕು.

ಕ್ಯಾನನ್ನು ಸೊಂಟಕ್ಕೇರಿಸಿ ಪಕ್ಕದ ಅರಿಸಿನದ ಕಣಕ್ಕೆ ಹೋದಳು. ಕಣವೂ ಸೊಸೈಟಿಯ ಅಧ್ಯಕ್ಷಗಿರಿಯೂ ಗಂಗಾಧರಸ್ವಾಮಿಯದೇ. ಬೇಯಿಸಿ ಒಣಗಿಸಿದ ಅರಿಸಿನವನ್ನು ಪೀಪಾಯಿಗೆ ತುಂಬಿ, ತಿರುಗಿಸಿ ತಿರುಗಿಸಿ ಹೊಳಪು ಬರಿಸುವುದು ಕೇರಿಯ ಹೆಂಗಸರ ಕೆಲಸ. ಅಂದು ಗಂಗಾಧರಸ್ವಾಮಿ ಇಸ್ತ್ರಿ ಜುಬ್ಬದಲ್ಲಿ ಓಡಾಡುತ್ತಿದ್ದ.

“ಸಾರ್ಕ್ ದೇಸದೋರು ಬತ್ತಾವ್ರ. ಯಾರೂ ಎಲಡ್ಕ ಉಗೀಬ್ಯಾಡಿ. ಏನಾರ ಕೇಳುದ್ರ ಸುಮ್ನ ನಗ್ತಾ ಇರಿ.”

“ಸಾರ್ಕು ಅನ್ನಾದು ಯಾವ ಕಡ ಬತ್ತದ ಬುದ್ದಿ?” ಪೀಪಾಯಿಯ ಹಿಡಿ ಬಿಡದೆ ಮಲ್ಲಿಗಮ್ಮ ಕೇಳಿದಳು.

“ಅದು ಒಂದು ದೇಸ ಅಲ್ಲ ಕಣ ಮುಂಡೇದೆ, ಏಳು ದೇಸದ ಸಂಗ. ಸಿಲೋನು, ನೇಪಾಳ, ಬಂಗ್ಲಾ, ಎಲ್ಲ ನಮ್ಮ ನೆರೆಯೋರು. ಒಬ್ರ ಸಾಮಾನ ಒಬ್ರು ತಕ್ಕಳನ ಅಂತ ಒಪ್ಪಂದ ಮಾಡ್ಕಂಡವ್ರ.”

ಅವನು ಅತ್ತ ಹೋದ ಮೇಲೆ ಮಲ್ಲಿಗಮ್ಮ, “ಸಿಲೋನೋರು ನೆರೆಯೋರಂತ ಕಣಕ್ಕ! ಬಾವಿ ಆಚ ಇರ ನಾವು ಯಾವ ದೇಸದೋರೋ,” ಎಂದಳು. “ನಾವು ಉಜ್ಜಿದ ಅರಿಸ್ನ ದೇವ್ರ ಮೊಕಕ್ಕಾಯ್ತದ. ನಿನ್ನ ಆಲು ಮಾತ್ರ ಕಾಪೀಗೂ ಆಗಾಕಿಲ್ಲ.”

ಬಂಡೀಪುರದಲ್ಲಿ ನಸುಕಿನಲ್ಲೇ ಎದ್ದು ಹುಲಿ ಹುಡುಕಿ, ಎರಡು ನವಿಲು ನೋಡಿ ಸಮಾಧಾನ ಮಾಡಿಕೊಂಡಿದ್ದ ವ್ಯಾಪಾರಿಗಳ ಬಸ್ಸು ಬಂತು. ಬಂದದ್ದೇ ರಸ್ತೆಗೆ ಅಡ್ಡ ನಿಂತು, ಊರಿಗೆ ಬರಬೇಕಿದ್ದ ಹಾಲಿನ ವ್ಯಾನನ್ನೂ ಹಿಂದೆಯೇ ತಡೆಯಿತು. ಶಾಮಿಯಾನದಡಿಯಲ್ಲಿ ಗಂಗಾಧರಸ್ವಾಮಿ ಚೀಟಿ ಹಿಡಿದು ಓದಿದ: “ನೆರೆಹೊರೆಯವರ ನಡುವೆ ಗೋಡೆ ಇರಬಾರದು. ಕೊಡುವ ಕೈ, ಕೊಳ್ಳುವ ಕೈ ಒಂದಾಗಬೇಕು.” ಚೀಟಿ ಬರೆದುಕೊಟ್ಟವನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಗಿರೀಶ್. ಅಂದಿನ ದುಭಾಷಿಯೂ ಅವನೇ.

ಆಮೇಲೆ ಲಂಕಾದ ಹೆಂಗಸೊಬ್ಬಳು, ಮಸಾಲೆ ವ್ಯಾಪಾರದವಳು, ಎದ್ದು ಇಂಗ್ಲಿಷಿನಲ್ಲಿ ಮಾತಾಡಿದಳು. ಗಿರೀಶ್ ಕನ್ನಡ ಮಾಡಿದ: “ಸುಂಕ ಇಳಿಸಿದ್ದೇವೆ ಅಂತ ಕಾಗದದಲ್ಲಿದೆ. ಆದರೆ ನಮ್ಮ ಸರಕು ಗಡಿಗೆ ಬಂದಾಗ, ಯಾವ ಗಡಿ ಅಂತ ಹೇಳೋದಿಲ್ಲ, ಎಲ್ಲರೂ ಇಲ್ಲೇ ಕೂತಿದ್ದಾರೆ, ಅಲ್ಲಿರುವವನು ಡಬ್ಬದ ಮುಚ್ಚಳವನ್ನೂ ತೆಗೆಯದೆ, ಗುಣಮಟ್ಟ ಸಾಲದು ಅಂತ ವಾಪಸು ಕಳಿಸುತ್ತಾನೆ.”

“ಅಯ್ಯೋ ನನ್ನವ್ವ!” ಪೀಪಾಯಿಯ ಪಕ್ಕದಿಂದ ಪುಟ್ಟಮಾದಮ್ಮ ಕೂಗಿಬಿಟ್ಟಳು. “ಅಲ್ಲೂ ಸಾಂತರಾಜಪ್ಪೋರ್ನೇ ಕೂರ್ಸವ್ರಾ?”

ಹೆಂಗಸರೆಲ್ಲ ಘೊಳ್ಳೆಂದರು. ನಗುತ್ತಿರಬೇಕೆಂದು ಅಪ್ಪಣೆಯೇ ಆಗಿತ್ತಲ್ಲ. ಲಂಕಾದವಳು ಅರ್ಥ ಕೇಳಿದಳು. ಸುಸ್ವಾಗತ ಎನ್ನುತ್ತಿದ್ದಾಳೆ ಎಂದ ಗಿರೀಶ್. ಸುಸ್ವಾಗತಕ್ಕೆ ಇಷ್ಟು ನಗು ಯಾಕೆಂದು ಆಕೆಗೆ ಅನುಮಾನವಾಗಿ, ನೇರ ಪುಟ್ಟಮಾದಮ್ಮನ ಕಡೆ ತಿರುಗಿ, “ಎನ್ನಮ್ಮಾ ಸೊಲ್ರೀಂಗ?” ಎಂದಳು.

ಆಕೆಯ ಮನೆಮಾತು ತಮಿಳು ಎಂಬುದು ಗಿರೀಶನ ಚೀಟಿಯಲ್ಲಿರಲಿಲ್ಲ. ಪುಟ್ಟಮಾದಮ್ಮನಿಗೋ, ಹತ್ತು ವರ್ಷ ತಮಿಳುನಾಡಿನ ಗಡಿಯೊಳಗಿನ ತಾಳವಾಡಿಗೆ ಅರಿಸಿನ ಕೀಳಲು ಹೋಗಿ ಕಲಿತ ತಮಿಳಿತ್ತು. “ಪಾಲು ಅಮ್ಮಾ, ಪಾಲು! ಮೂಡಿ ತೊರಕ್ಕಾಮೆ ತಣ್ಣಿ ಅಂತ ಸೊಲ್ರಾಂಗ!” ಎಂದು ಕ್ಯಾನನ್ನೇ ಎತ್ತಿ ತೋರಿಸಿದಳು. ಹಾಲು, ಮುಚ್ಚಳ, ನೀರು ಮೂರೂ ಆಕೆಗೆ ತಿಳಿದವು.

“ಹಾಗಾದರೆ ಪರೀಕ್ಷೆ ನೋಡೋಣ,” ಎಂದು ಆಕೆ ಹೊರಟೇಬಿಟ್ಟಳು. ಹಿಂದೆ ಏಳು ದೇಶ, ಅದರ ಹಿಂದೆ ಪೀಪಾಯಿ ಬಿಟ್ಟ ಹೆಂಗಸರು.

ಸೊಸೈಟಿಯಲ್ಲಿ ಶಾಂತರಾಜು ಕಡ್ಡಿ ಹಿಡಿದು ಕಲ್ಲಾದ. ಗಂಗಾಧರಸ್ವಾಮಿ ಹಲ್ಲು ಬಿಟ್ಟುಕೊಂಡೇ ಅವನ ಕಿವಿಯಲ್ಲಿ, “ಅದ್ದಲಾ ಬಡ್ಡೆತ್ತದೆ, ಪೋಟ ಇಡೀತಾವ್ರ,” ಎಂದ.

“ಮೈಲ್ಗ ಬುದ್ದಿ...”

“ಸಂಜ್ಗ ತೊಳುದ್ರಾಯ್ತು, ಅದ್ದು ಬೋಳಿಮಗ್ನ!”

ಏನಂತೆ ಎಂದು ಅತಿಥಿಗಳು ಕೇಳಿದರು. ತಾಂತ್ರಿಕ ವಿವರ ಚರ್ಚಿಸುತ್ತಿದ್ದಾರೆ ಎಂದ ಗಿರೀಶ್.

ಮುಚ್ಚಳ ತೆಗೆದರು. ಕಡ್ಡಿ ಹಾಲಿನಲ್ಲಿ ಮುಳುಗಿ, ಎದ್ದು, ನಿಂತಿತು.

“ಇಪ್ಪತ್ತೊಂಬತ್ತು,” ಶಾಂತರಾಜು ತನ್ನ ಮೀಸೆಗೆ ಹೇಳಿಕೊಂಡ.

“ಜೋರಾಗೇಳಿ ಬುದ್ದಿ, ಸಿಲೋನ್ಗೂ ಕೇಳ್ಸಲಿ,” ಎಂದಳು ಪುಟ್ಟಮಾದಮ್ಮ.

“ಇಪ್ಪತ್ತೊಂಬತ್ತು! ನೀರಿಲ್ಲ, ಚೆನ್ನಾಗದ!”

ಚಪ್ಪಾಳೆ ಬಿತ್ತು. ಗಂಗಾಧರಸ್ವಾಮಿ ಪುಟ್ಟಮಾದಮ್ಮನ ಹತ್ತಿರ, ಆದರೆ ತಗುಲದಷ್ಟು ದೂರದಲ್ಲಿ, ಫೋಟೋಗೆ ನಿಂತ. “ಆಯ್ತಲ್ಲ, ನಾಳ ಕಮಿಟೀಲಿ ಮಾತಾಡ್ಮ. ಈಗ ಎತ್ಕಂಡೋಗು,” ಎಂದ.

ನಾಳೆ ಈ ಬಸ್ಸು ಇರುವುದಿಲ್ಲ. ಪುಟ್ಟಮಾದಮ್ಮ ಸುತ್ತ ನೋಡಿದಳು. ಪಕ್ಕದಲ್ಲೇ ಮೇಲಿನ ಬೀದಿಯ ಅಷ್ಟೂ ಹಾಲು ಹೊತ್ತ ದೊಡ್ಡ ಕ್ಯಾನು ಬಾಯಿ ತೆರೆದಿತ್ತು. ಅವಳು ತನ್ನದನ್ನೆತ್ತಿ ಅದಕ್ಕೆ ಬಗ್ಗಿಸಿದಳು.

“ಲೇ ಲೌಡಿ, ಏನ್ಲೇ ಮಾಡ್ತಿದ್ದೀ!” ಶಾಂತರಾಜು ಕಿರುಚಿದ.

ಅವಳು ಕೊನೆಯ ಹನಿಯವರೆಗೂ ಸುರಿದು, ತಳಕ್ಕೆರಡು ಬಡಿದಳು. ಕಾರ್ಯಕ್ರಮದ ಭಾಗವೆಂದುಕೊಂಡ ಅತಿಥಿಗಳು ಮತ್ತೂ ಜೋರಾಗಿ ಚಪ್ಪಾಳೆ ತಟ್ಟಿದರು. ಗಿರೀಶನ ಕೈಗಳೂ ಮೇಲೆದ್ದವು, ಗಂಗಾಧರಸ್ವಾಮಿಯ ಮುಖ ಕಂಡು ಜೇಬು ಸೇರಿದವು.

ಅತಿಥಿಗಳು ಹತ್ತಲೆಂದು ಬಸ್ಸು ಪಕ್ಕಕ್ಕೆ ಸರಿದು, ಹಿಂದಿದ್ದ ಹಾಲಿನ ವ್ಯಾನು ಬಂತು. “ಎತ್ರಪ್ಪ ಬೇಗ, ಬಿಸ್ಲೇರ್ತಾ ಅದ. ಒಡ್ದೋದ್ರ ನನ್ನ ಕೇಳ್ಬ್ಯಾಡಿ,” ಎಂದು ಡ್ರೈವರು ಹಾರನ್ ಒತ್ತಿದ. ಶಾಂತರಾಜು ಅಧ್ಯಕ್ಷನನ್ನು ನೋಡಿದ. ಅಧ್ಯಕ್ಷ ಕ್ಯಾನನ್ನು ನೋಡಿದ. ಅವನ ಮನೆಯ ಇಪ್ಪತ್ತು ಲೀಟರೂ ಅದರಲ್ಲೇ ಇತ್ತು. ಎತ್ತು ಎನ್ನಲಿಲ್ಲ, ಚೆಲ್ಲು ಎನ್ನಲೂ ಇಲ್ಲ. ಅತಿಥಿಗಳಿಗೆ ಕೈಮುಗಿದುಕೊಂಡೇ ನಿಂತ.

ಅಷ್ಟರಲ್ಲಿ ಮಲ್ಲಿಗಮ್ಮ ಸೀರೆ ಎತ್ತಿಕಟ್ಟಿ ಕೇರಿಯತ್ತ ಓಡತೊಡಗಿದ್ದಳು. “ಪುಟ್ಮಾದಕ್ಕೋ, ವ್ಯಾನ್ ಬುಡ್ಬ್ಯಾಡ! ಚಿಕ್ಮಲ್ಲವ್ವನ ಮನೇಲೂ ಆಲು ಕರ್ದು ಮಡ್ಗವ್ರ, ಕೇರಿಯೋರೆಲ್ರೂ ಎತ್ಕಬತ್ತಿವಿ!”

ಪುಟ್ಟಮಾದಮ್ಮ ನಡೆದು ಹೋಗಿ ವ್ಯಾನಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು. ಡ್ರೈವರು ಎರಡು ಸಲ ಹಾರನ್ ಹೊಡೆದು ನೋಡಿ, ಎಂಜಿನ್ ಆರಿಸಿ ಬೀಡಿ ಹಚ್ಚಿದ.