ಬೋರೆ ಎಲೆಯ ನೀರು

ನಾಜಿಮಾ ತಂಗಿಯ ಕೈಯಿಂದ ತಂಬಿಗೆ ಕಿತ್ತುಕೊಂಡಳು.

“ನೀ ಮುಟ್ಟಬ್ಯಾಡ. ಬದುಕಿದ್ದಾಗ ಮಾಡಿದ್ದ ಸಾಕು.”

ಅಕ್ಕೋಳದ ಆ ಮನೆಯ ಹಿತ್ತಲಲ್ಲಿ ಬೋರೆ ಎಲೆ ಹಾಕಿದ ನೀರು ಕುದಿಯುತ್ತಿತ್ತು. ಪಕ್ಕದಲ್ಲೇ ಸೀರೆ ಕಟ್ಟಿದ ಮರೆ, ಮರೆಯೊಳಗೆ ತಾಯಿ ಶಹಜಾದಬಿ. ಅವಳಿಗೆ ಕಡೆಯ ಸ್ನಾನ ಮಾಡಿಸುವ ಹಕ್ಕು ಹೆಣ್ಣುಮಕ್ಕಳದು. ಇಬ್ಬರಲ್ಲಿ ಕಿರಿಯವಳಾದ ಫರಹೀನಳಿಗೆ ಇವತ್ತು ಆ ಹಕ್ಕೂ ಇಲ್ಲವಂತೆ.

“ಆಸ್ಪತ್ರಿ ಬಿಡಿಸಿ ಎಲಿ ಕಷಾಯ ಕುಡಿಸ್ಯಾಳ,” ಎಂದಳು ಬಂಧುಗಳಲ್ಲೊಬ್ಬಳು. “ಸಂಶೋಧನಾ ಅಂತ. ತಾಯಿ ಮ್ಯಾಲೇ ಮಾಡ್ಯಾಳ.”

ಫರಹೀನ ಬಾಯಿ ಬಿಡಲಿಲ್ಲ. ಬಿಟ್ಟರೆ ಅಮ್ಮಿಯ ಸುಳ್ಳು ಬಯಲಾಗುತ್ತಿತ್ತು. ಮಣ್ಣಾಗುವ ದಿನ ಹಡೆದವಳನ್ನು ಸುಳ್ಳುಗಾತಿ ಅನ್ನುವುದು ಹೇಗೆ?

*

ಹೋದ ವರ್ಷ ಶಹಜಾದಬಿ ಹೊಸ ಬುರ್ಖಾ ತೊಟ್ಟು, ಫರಹೀನ ಸಂಶೋಧನೆ ಮಾಡುವ ಪ್ರಯೋಗಾಲಯ ನೋಡಲು ಹೋಗಿದ್ದಳು. ಬೋರೆ ಎಲೆಯ ರಸಕ್ಕೆ ಸತುವಿನ ಲವಣ ಬೆರೆಸಿ, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಬಿಳಿ ಪುಡಿ. ಅದರ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು.

“ಇದರಿಂದ ನನ್ನ ಎದಿ ಗಂಟ ಸಾಯ್ತೈತೇನ?”

“ಗಾಜಿನ ತಾಟಿನ್ಯಾಗ ಇಟ್ಟ ಕ್ಯಾನ್ಸರ್ ಕೋಶ ಸಾಯ್ತಾವು, ಅಮ್ಮಿ. ಮನಷ್ಯಾರಿಗೆ ಕೊಡೂದು ಇನ್ನ ಭಾಳ ದೂರ ಐತಿ. ನೀ ಆಸ್ಪತ್ರಿ ಬಿಡಬ್ಯಾಡ.”

“ಬಿಡಂಗಿಲ್ಲ ತಗೋ.”

ಬಿಟ್ಟೇಬಿಟ್ಟಳು. ಆ ಸಲೈನು, ಆ ವಾಂತಿ ಅವಳಿಗೆ ಬೇಡವಾಗಿತ್ತು. ಹಿತ್ತಲ ಬೋರೆಯ ಎಲೆ ಕುದಿಸಿ ಕುಡಿದಳು. ಕೇಳಿದವರಿಗೆಲ್ಲ “ನನ್ನ ಮಗಳು ಕೊಟ್ಟ ದವಾ,” ಎಂದಳು. ಎಂಥ ಹೆಮ್ಮೆಯೋ, ಎಂಥ ಮೊಂಡುತನವೋ. ಫರಹೀನಳಿಗೆ ತಿಳಿಯುವ ಹೊತ್ತಿಗೆ ಗಂಟು ಒಡೆದು ಹುಣ್ಣಾಗಿತ್ತು.

*

“ಹೋಗ್ಲಿ, ಬಾರಬೇ,” ನಾಜಿಮಾ ಮರೆಯಿಂದ ತಲೆ ಹಾಕಿದಳು. “ಒಂದ ತಂಬಿಗಿ ಹಾಕ. ಅಮ್ಮಿ ನಿನ್ನ ಹೆಸರ ಹೇಳಿಕೋತನ ಸತ್ತಾಳ.”

ಫರಹೀನ ಅಂಗಿಯ ತೋಳು ಮಡಚಿಕೊಂಡು ಮರೆಯತ್ತ ಹೊರಟಳು. ಅಷ್ಟರಲ್ಲಿ ಅಕ್ಕುತಾಯಿ ಬಂದಳು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಶಹಜಾದಬಿಯ ಜೊತೆ ದುಡಿದವಳು. ಅತ್ತು, ಮೂಗು ಒರೆಸಿಕೊಂಡು, ಫರಹೀನಳ ಕಿವಿಯ ಹತ್ತಿರ ಬಾಗಿದಳು.

“ತಂಗಿ, ನನ್ನ ಎದಿಯಾಗೂ ಗಂಟ ಐತಿ. ನಿಮ್ಮವ್ವ ನಿನ್ನ ಔಷಧ ಕೊಡತಿದ್ಲು. ನಾನೂ ದವಾಖಾನಿ ಬಿಟ್ಟೀನಿ. ಇನ್ನ ನೀನ ಕೊಡ್ತೀಯಲ್ಲ?”

ಫರಹೀನ ಅವಳ ಕೈ ಹಿಡಿದಳು.

“ಅದು ಔಷಧ ಅಲ್ಲ, ಮಾವಶಿ,” ಎಲ್ಲರಿಗೂ ಕೇಳುವಂತೆ ಹೇಳಿದಳು. “ನಾ ಯಾರಿಗೂ ಕೊಟ್ಟಿಲ್ಲ. ಅಮ್ಮಿ ಸುಳ್ಳ ಹೇಳ್ಯಾಳ. ನಡಿ, ಈಗ ಆಸ್ಪತ್ರಿಗೆ ಹೋಗೂಣು.”

ಅಳುತ್ತಿದ್ದವರೆಲ್ಲ ಅವಳತ್ತ ತಿರುಗಿದರು.

“ನಿನ್ನ ತಪ್ಪ ಸತ್ತಾಕಿ ಮ್ಯಾಲ ಹಾಕ್ತೀಯೇನ?” ನಾಜಿಮಾ ಸೀರೆಯ ಮರೆ ಎಳೆದುಕೊಂಡಳು. “ಹೋಗ. ಮತ್ತ ಈ ಮನಿ ಹೊಸ್ತಿಲ ತುಳೀಬ್ಯಾಡ.”

ಒಳಗೆ ನೀರು ಸುರಿದ ಸದ್ದಾಯಿತು. ಬೆಚ್ಚಗಿನ ನೀರು ಮರೆಯಡಿಯಿಂದ ಹರಿದುಬಂದು ಫರಹೀನಳ ಬರಿಗಾಲು ತೋಯಿಸಿತು. ಅವಳು ಕಾಲು ತೆಗೆಯಲಿಲ್ಲ. “ಆಸ್ಪತ್ರಿ ಒಲ್ಲೆ,” ಅಂತ ಅಕ್ಕುತಾಯಿ ಕೈ ಬಿಡಿಸಿಕೊಳ್ಳಲು ಜಗ್ಗುತ್ತಿದ್ದಳು. ಫರಹೀನ ಬಿಡದೆ ಹಿಡಿದು ನಿಂತಿದ್ದಳು.