ಬಾಗಿಲಲ್ಲಿ ನಿಂತವನು

"ಎಡಗಡೆ ಇನ್ನೊಂಚೂರು ಜಗ್ಗೋ ಹಾಲೇಶ, ಕಾಕಾನ ಮುಖ ವಾರಿ ಆಗೈತಿ!" ಎಂದು ಕನಕರಾಜ ಬೇವಿನ ಮರದ ಕೆಳಗೆ ನಿಂತು ಕೂಗುತ್ತಿದ್ದ. ಏಣಿಯ ಮೇಲಿದ್ದವನು ಹಗ್ಗ ಜಗ್ಗಿದ. ಹನ್ನೆರಡು ಅಡಿಯ ಫ್ಲೆಕ್ಸ್ ಬಿಚ್ಚಿಕೊಂಡಿತು.

ಆಕಾಶದ ತುಂಬ ಬಿಳಿ ಪ್ಯಾರಾಚೂಟುಗಳು, ಕೆಳಗೆ ಭತ್ತದ ಗದ್ದೆ. ಮುಂದೆ ಕೆಂಪು ಟೊಪ್ಪಿಗೆಯ ದೈತ್ಯ ಸಿಪಾಯಿಯೊಬ್ಬ ಬಂದೂಕು ಹಿಡಿದು ನಿಂತಿದ್ದ. ಅವನ ಕತ್ತಿನ ಮೇಲೆ ಓಬಳೆಪ್ಪನ ತಲೆ. ಕಂಡಕ್ಟರಿಕೆಯ ಗುರುತಿನ ಚೀಟಿಯಿಂದ ತೆಗೆದ ಫೋಟೋ ಆದ್ದರಿಂದ, ಯುದ್ಧದ ನಡುವೆಯೂ ಆತ ಚಿಲ್ಲರೆ ಕೇಳುವಂತೆ ಕಾಣುತ್ತಿದ್ದ. ಕೆಳಗೆ ದಪ್ಪ ಅಕ್ಷರ: "ಯುದ್ಧಭೂಮಿಗೆ ಹಾರಿದ ನಮ್ಮೂರ ಹುಲಿ."

ಹುಲಿ ಒಳಗೆ ಪಡಸಾಲೆಯಲ್ಲಿ ಮಲಗಿತ್ತು. ಓಬಳೆಪ್ಪ ಎಪ್ಪತ್ತೈದು ವರ್ಷ ಬದುಕಿ ನಿನ್ನೆ ಸಂಜೆ ಚಹಾ ಕುಡಿದು ಕಣ್ಣು ಮುಚ್ಚಿದ್ದ. ಹದಿನೈದು ವರ್ಷ ಮಿಲಿಟ್ರಿ, ಇಪ್ಪತ್ತೈದು ವರ್ಷ ಸರ್ಕಾರಿ ಬಸ್ಸು. ಮಧ್ಯಾಹ್ನಕ್ಕೆ ಕೊಪ್ಪಳದಿಂದ ಮಾಜಿ ಸೈನಿಕರು ಧ್ವಜ ತರುವವರಿದ್ದರು. ಅಣ್ಣನ ಮಗ ಕನಕರಾಜನಿಗೆ ಅಷ್ಟರೊಳಗೆ ಎಲ್ಲ ಜೋರಾಗಿ ಕಾಣಬೇಕಿತ್ತು.

ಓಬಳೆಪ್ಪನ ಹೆಂಡತಿ ಭೀಮಕ್ಕ ಮಗಳ ಹೆಗಲು ಹಿಡಿದು ಹೊರಗೆ ಬಂದಳು. ಫ್ಲೆಕ್ಸನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಏನು ಬರದಾರ?"

ಮಗಳು ಸುಕನ್ಯಾ ತಾವರಗೇರಾದಲ್ಲಿ ಸಾಲಿ ಟೀಚರು. ಓದಿ ಹೇಳಿದಳು.

"ಇಳಸಪಾ ಇದನ್ನ," ಎಂದಳು ಭೀಮಕ್ಕ.

"ಯಾಕ ಚಿಗವ್ವ? ರಾತ್ರಿಯೆಲ್ಲಾ ಕುಂತು ಮಾಡಿಸೇನಿ!"

ಸುಕನ್ಯಾ ಚಿತ್ರದ ಮೂಲೆಯ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. "ಕನಕಣ್ಣ, ಇವರು ನಮ್ಮವರಲ್ಲೋ. ಫ್ರಾನ್ಸ್ ದೇಶದ ಸಿಪಾಯಿಗಳು, ವಿಯೆಟ್ನಾಮದಾಗ ಇಳಿಯಾಕತ್ತಾರ. ಐವತ್ಮೂರನೇ ಇಸವಿದು. ಅಪ್ಪ ಆಗ ಮೂರು ವರ್ಷದ ಕೂಸು."

"ನೆಟ್ಟಿನ್ಯಾಗ ಪ್ಯಾರಾಚೂಟ್ ಅಂತ ಹುಡುಕಿದ್ರ ಇದ ಬಂತು. ದೂರದಿಂದ ಯಾರಿಗೆ ಗೊತ್ತಾಕ್ಕೈತಿ?"

"ಅವರಿಗೆ ಗೊತ್ತಾಗತಿತ್ತು," ಎಂದು ಭೀಮಕ್ಕ ಒಳಗೆ ಕೈ ತೋರಿಸಿದಳು. "ಆ ಪಲ್ಟನ್ ಕತಿ ನನಗ ನೂರು ಸಲ ಹೇಳ್ಯಾರ. ಆಗ್ರಾದಾಗ ಇವರಿಗೆ ಹಾರೋದು ಕಲಿಸಿದ ಉಸ್ತಾದ ಪಾಠ ಮಾಡ್ತಿದ್ದನಂತ. ಭಾಳ ಗಟ್ಟಿ ಮಂದಿ. ಒಂದು ಸಲನೂ ಹಾರಲಾರದವರು ಸುದ್ದಾ, ಗೆಳೆಯಾರು ಸಿಕ್ಕೊಂಡಾರಂತ ಕತ್ತಲದಾಗ ಹಾರಿದ್ರಂತ. ಅಲ್ಲಿ ಸೋತಮ್ಯಾಲೆ ಇನ್ನೊಂದು ದೇಶಕ್ಕ ಹೋದ್ರು, ಅದರ ಹೆಸರು ನನ್ನ ನಾಲಿಗಿಗೆ ಬರಂಗಿಲ್ಲ..."

"ಅಲ್ಜೀರಿಯಾ," ಎಂದಳು ಸುಕನ್ಯಾ.

"ಹಾಂ, ಅದು. ಅಲ್ಲಿಂದಾನೂ ಬರಗೈಲೆ ಮನಿಗೆ. ಧೈರ್ಯಕ್ಕೇನು ಕಡಿಮಿ ಇರಲಿಲ್ಲ ಭೀಮಿ, ಕರೀಲಾರದ ಮಂದಿ ಮಾಳಿಗಿ ಮ್ಯಾಲೆ ಇಳಿದ್ರು ನೋಡು ಅಂತಿದ್ರು."

ಅಕ್ಷರ ಬಾರದ ಮುದುಕಿಯ ಬಾಯಲ್ಲಿ ಈ ಚರಿತ್ರೆ ಕೇಳಿ ಕಟ್ಟೆಯ ಮೇಲಿದ್ದವರು ಬೀಡಿ ಸೇದುವುದನ್ನೇ ಮರೆತರು. ಕನಕರಾಜ ಮಾತ್ರ ಸೋಲಲಿಲ್ಲ. "ಚಿತ್ರ ಹೋಗಲಿ. ಬರದಿದ್ದು ಖರೇ ಐತೆಲ್ಲ? ಕಾಕಾ ಯುದ್ಧದಾಗ ಹಾರ್ಯಾನ."

"ಹಾರಿಲ್ಲ."

ಇದು ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಸಾಲಿಯಲ್ಲಿ ಆಗಸ್ಟ್ ಹದಿನೈದಕ್ಕೆ ಕರೆದು ಹೊಗಳಿದಾಗಲೆಲ್ಲ ಓಬಳೆಪ್ಪ ಎದ್ದು ನಿಂತು, "ನಾನು ಹಾರಲಿಲ್ರಿ, ಹಾರಿಸಿದೆ," ಎಂದು ತಿದ್ದುತ್ತಿದ್ದ. ಮಕ್ಕಳು ನಗುತ್ತಿದ್ದರು. ಆದರೆ ಸತ್ತವರ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಆಡಿದರೆ ಯಾರ ಗಂಟು ಹೋಗುತ್ತದೆ?

"ಬದುಕಿದ್ದಾಗ ಒಂದು ಸುಳ್ಳು ಹೇಳಲಾರದವರನ್ನ, ಸುಳ್ಳಿನ ಕೆಳಗ ಹೊತ್ತೊಂಡು ಹೊಂಟೀರೇನು?" ಎಂದಳು ಭೀಮಕ್ಕ. "ಅದು ಇಳಿಯೋತನಕ ಇವರು ಈ ಮನಿ ಬಿಟ್ಟು ಹೊರಗ ಬರಂಗಿಲ್ಲ."

*

ಎಪ್ಪತ್ತೊಂದರ ಡಿಸೆಂಬರು. ಯುದ್ಧಕ್ಕೆ ಹದಿನೈದು ದಿನ ಮುಂಚೆ ಅಭ್ಯಾಸದಲ್ಲಿ ಹಾರಿದಾಗ ಓಬಳೆಪ್ಪನ ಪಾದ ಉಳುಕಿ ಕುಂಬಳಕಾಯಿಯಷ್ಟು ಊದಿತ್ತು. ಹಾರುವಂತಿಲ್ಲ ಎಂದರು. ಅತ್ತು ಕರೆದ ಮೇಲೆ ವಿಮಾನದ ಬಾಗಿಲಲ್ಲಿ ನಿಲ್ಲುವ ಕೆಲಸ ಕೊಟ್ಟರು.

ಹದಿನೆಂಟು ಮಂದಿ. ಒಬ್ಬೊಬ್ಬರ ಪ್ಯಾರಾಚೂಟು ಬಿಚ್ಚುವ ಪಟ್ಟಿಯ ಕೊಂಡಿ ವಿಮಾನದೊಳಗಿನ ತಂತಿಗೆ ಬಿದ್ದಿದೆಯೇ ಎಂದು ಜಗ್ಗಿ ನೋಡಬೇಕು. ದೀಪ ಹಸಿರಾದ ಮೇಲೆ ಹೆಗಲಿಗೆ ಎರಡು ಸಲ ತಟ್ಟಬೇಕು. ತಟ್ಟಿದರೆ, ನಿನ್ನದೆಲ್ಲ ನಾನು ನೋಡಿದ್ದೇನೆ, ಹೋಗು ಎಂದರ್ಥ. ಎಡಗೈಯಲ್ಲಿ ಚೌಕಟ್ಟು ಹಿಡಿದು ಬಲಗೈಯಲ್ಲಿ ತಟ್ಟುತ್ತ ಹೋದ. ಹದಿನೇಳು ಮಂದಿ ಇಳಿದರು. ಹದಿನೆಂಟನೆಯವನು ಮೀಸೆ ಚಿಗುರದವನು, ಬಾಗಿಲಿಗೆ ಬಂದು ಕಲ್ಲಾಗಿ ನಿಂತ. ನೂಕಬಹುದಿತ್ತು. ಓಬಳೆಪ್ಪ ನೂಕಲಿಲ್ಲ. ಅವನ ಕೊಂಡಿಯನ್ನು ಅವನ ಕಣ್ಣೆದುರೇ ಇನ್ನೊಮ್ಮೆ ಜಗ್ಗಿ ತೋರಿಸಿ, ತಟ್ಟಿದ. ಹುಡುಗ ಅವನ ಮುಖ ನೋಡಿ ನಕ್ಕು, ಹೋದ.

ಆಮೇಲೆ ಬಾಗಿಲಾಚೆ ಗಾಳಿಗೆ ಬಡಿದುಕೊಳ್ಳುತ್ತಿದ್ದ ಹದಿನೆಂಟು ಖಾಲಿ ಪಟ್ಟಿಗಳನ್ನು ಒಬ್ಬನೇ ಒಳಗೆ ಎಳೆದುಕೊಂಡ. ಖಾಲಿ ವಿಮಾನದಲ್ಲಿ ಒಬ್ಬನೇ ವಾಪಸು ಬಂದ. ಕೆಳಗಿನ ಊರವರು ಗದ್ದೆಗೆ ಓಡಿ ಬಂದು, ಇಳಿದ ಸಿಪಾಯಿಗಳ ಹೊರೆ ಹೊತ್ತರಂತೆ ಎಂದು ಮರುದಿನ ತಿಳಿದಾಗ, ಕುಂಟುಗಾಲಲ್ಲೇ ಕುಣಿದ.

*

ಏಣಿ ಹಾಗೇ ನಿಂತಿತ್ತು. ಚಟ್ಟ ಕಟ್ಟುತ್ತಿದ್ದವರು ಕೈ ಬಿಟ್ಟಿದ್ದರು. ಆಗ ಮೂಲೆಯಿಂದ ಮಕ್ಬುಲಸಾಬ ಎದ್ದ. ಗಂಗಾವತಿ–ಕುಷ್ಟಗಿ ಬಸ್ಸಿನಲ್ಲಿ ಓಬಳೆಪ್ಪನ ಜೊತೆ ಹನ್ನೊಂದು ವರ್ಷ ಡ್ರೈವರಾಗಿದ್ದವನು.

"ಕನಕರಾಜ, ನಿಮ್ಮ ಕಾಕಾ ನನಗ ಎಷ್ಟು ತ್ರಾಸ ಕೊಟ್ಟಾನ ಗೊತ್ತೈತೇನು?" ಎಂದು ಶುರು ಮಾಡಿದ. "ಇಳಿಯೋರ ಕಾಲು ನೆಲಕ್ಕ ಊರಿದ್ದು ಕಣ್ಣಾರೆ ಕಾಣೋತನಕ ಸೀಟಿ ಊದಾಂವಲ್ಲ. ಗಂಡಸರಿಗೆ ಹೆಗಲಿಗೆ ಎರಡು ಏಟು, ಹೆಣ್ಮಕ್ಕಳಾದ್ರ ಬಾಗಿಲ ಸರಳಿಗೆ ಎರಡು ಏಟು. ಹುಲಿಗಿ ಹುಣ್ಣಿಮಿ ಜಾತ್ರಿ ದಿನ ಬಸ್ಸಿನ್ಯಾಗ ನೂರಾಹತ್ತು ಮಂದಿ! ಲೇಟ್ ಆಕ್ಕೈತೋ ಮಾರಾಯಾ ಅಂತ ನಾ ಒದರೀನಿ. ಏನಂದ ಗೊತ್ತೇನು? 'ಮಕ್ಬುಲ, ಅವತ್ತು ಇಳಿಸಿದವರ ಕಾಲು ನೆಲಕ್ಕ ಹತ್ತಿದ್ದು ನಾ ನೋಡಲಿಲ್ಲ. ಇವರದಾದ್ರೂ ನೋಡ್ತೀನಿ.'"

ಮಕ್ಬುಲಸಾಬ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

"ಇಪ್ಪತ್ತೈದು ವರ್ಷದಾಗ ಅವನ ಬಾಗಿಲದಿಂದ ಒಂದು ಕೂಸು ಬಿದ್ದಿಲ್ಲ. ಇದಕ್ಕಿಂತ ದೊಡ್ಡದು ಆ ಗೋರಾ ಸಿಪಾಯಿದೇನು ಐತಿ, ಹೇಳು."

ಕನಕರಾಜ ಫ್ಲೆಕ್ಸಿನ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದ. ಹಾಲೇಶನನ್ನು ಇಳಿಸಿ ತಾನೇ ಏಣಿ ಹತ್ತಿ ಗಂಟು ಬಿಚ್ಚಿದ.

"ಚಲ್ಲಬ್ಯಾಡೋ, ಬಿಸಲಾಗ ಕುಂತ ಹೆಣ್ಮಕ್ಕಳಿಗೆ ನೆಳ್ಳಿಗಾದ್ರೂ ಕಟ್ಟು," ಎಂದಳು ಭೀಮಕ್ಕ.

ಅಂಗಳದಲ್ಲಿ ನಾಲ್ಕು ಬಡಿಗೆ ನೆಟ್ಟು, ಚಿತ್ರ ಮೇಲೆ ಮಾಡಿ ಕಟ್ಟಿದರು. ಫ್ರಾನ್ಸಿನ ಸಿಪಾಯಿಗಳು ಕುಷ್ಟಗಿ ತಾಲೂಕಿನ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿದರು. ಅವರ ಕೆಳಗೆ ಹೆಂಗಸರು ತಂಪಾಗಿ ಕೂತು ಅತ್ತರು.

ಮಧ್ಯಾಹ್ನ ಮಾಜಿ ಸೈನಿಕರು ಬಂದರು. ಅವರಲ್ಲಿ ಹಿರಿಯ ಕರಿಬಸಪ್ಪ ಧ್ವಜ ಹೊದಿಸುವ ಮುನ್ನ, "ಯುದ್ಧದಾಗ ಇವರ ಕೆಲಸ ಏನಿತ್ತು?" ಎಂದು ಕೇಳಿದರು. ಭೀಮಕ್ಕ ಬಾಯಿ ತೆರೆಯುವಷ್ಟರಲ್ಲಿ ಕನಕರಾಜ ಮುಂದೆ ಬಂದ.

"ಬಾಗಿಲದಾಗ ನಿಂತಿದ್ರು ರೀ. ಹದಿನೆಂಟು ಮಂದಿನ್ನ ಇಳಿಸಿ ಒಬ್ರೇ ವಾಪಸ್ ಬಂದ್ರು. ಒಂದು ಕೊಂಡಿ ತಪ್ಪಿಲ್ಲ." ಓಣಿಯ ಕೊನೆಗೂ ಕೇಳುವಷ್ಟು ಜೋರಾಗಿ ಹೇಳಿದ.

ಕರಿಬಸಪ್ಪನವರು ಬೂಟಿನ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಐವತ್ತು ವರ್ಷದ ಸಂಸಾರದಲ್ಲಿ ಭೀಮಕ್ಕ ಗಂಡನ ಬಗ್ಗೆ ಇಷ್ಟು ಹೆಮ್ಮೆಪಟ್ಟಿರಲಿಲ್ಲ.

ಎತ್ತುವ ಹೊತ್ತಾಯಿತು. ಅವರ ಮನೆತನದಲ್ಲಿ ಹೆಂಡತಿ ಮಣ್ಣಿಗೆ ಹೋಗುವ ರೂಢಿ ಇರಲಿಲ್ಲ. ಅವಳ ಪಾಲಿಗೆ ಹೊಸ್ತಿಲೇ ಕೊನೆ. ನಾಲ್ವರು ಪಡಸಾಲೆಯಿಂದ ದೇಹ ಹೊತ್ತು ಬಾಗಿಲಿಗೆ ಬಂದಾಗ ಭೀಮಕ್ಕ ಅಡ್ಡ ನಿಂತಳು. ಅವರು ನಿಂತರು.

ಅವಳು ಧ್ವಜದ ಅಂಚು ಸರಿಪಡಿಸಿದಳು. ಕಾಲಿನ ಕಟ್ಟು ಜಗ್ಗಿ ನೋಡಿದಳು, ಎದೆಯ ಕಟ್ಟು ಜಗ್ಗಿ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಎಡಗೈಯಲ್ಲಿ ಚೌಕಟ್ಟು ಹಿಡಿದು, ಬಲಗೈಯಿಂದ ಗಂಡನ ಹೆಗಲಿಗೆ ಎರಡು ಸಲ ತಟ್ಟಿದಳು.